ಕಟ್ ಹೇಳೋರು ಯಾರು?

ಲೆಸ್ಟರ್ ಟ್ರಾಸ್ಕನ ಆ ದಿನ ಕೆಟ್ಟದ್ದು ಅವನ ಗಂಟಲಿನಿಂದ. ನಾಟಕದ ಕಾಲದಲ್ಲಿ ಕೊನೆಯ ಬೆಂಚಿನವರಿಗೂ ಕೇಳಿಸಲಿ ಎಂದು ಪಳಗಿಸಿದ ಗಂಟಲು. ಗುಟ್ಟು ಹೇಳಿದರೂ ಅರ್ಧ ಫರ್ಲಾಂಗು ಹೋಗುತ್ತಿತ್ತು. ಮಧ್ಯಾಹ್ನ ಶೂಟಿಂಗಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನು, ಮುಂದಿದ್ದ ಕ್ಯಾಮೆರಾದ ಗುಸ್‌ನ ಕಿವಿಗೆ ಬಾಗಿ, "ಈ ನಿರ್ದೇಶಕಂಗೆ ಕ್ಯಾಮೆರಾ ಎಲ್ಲಿಡ್ಬೇಕು ಅನ್ನೋದೇ ಗೊತ್ತಿಲ್ಲ ಕಣೋ. ಬೀನ್ಸ್ ಬಡಿಸ್ತಿದಾನಲ್ಲ, ಇವನ ಕೈಗೆ ಕೊಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಇಡ್ತಿದ್ದ" ಎಂದ.

ನಿರ್ದೇಶಕ ಸಾಲಿನ ತುದಿಯಲ್ಲಿ ಕಾಫಿ ಡ್ರಮ್ಮಿನ ಹತ್ತಿರ ನಿಂತಿದ್ದ. ಅವನಿಗೆ ಕೇಳಿಸಿತು. ಅವನಿಗೇನು, ಆಚೆ ಲಾಯದಲ್ಲಿದ್ದ ಕುದುರೆಗಳೂ ಕಿವಿ ನಿಮಿರಿಸಿದವು. ಬೆಳಗಿನಿಂದ ಬಿಸಿಲಿಗೆ ಬೆಂದು, ನಿರ್ಮಾಪಕನ ಬೈಗುಳಕ್ಕೆ ಬಾಡಿದ್ದ ಆ ಮನುಷ್ಯನಿಗೆ ಇದೊಂದು ಬಾಕಿ ಇತ್ತು. ಕಾಫಿಯನ್ನು ಧೂಳಿಗೆ ಚೆಲ್ಲಿದ, ಕೈಯಲ್ಲಿದ್ದ ಹಾಳೆಗಳನ್ನು ಒಂದು ಕುದುರೆಯ ಜೀನಿನ ಮೇಲಿಟ್ಟ, ಕಾರು ಹತ್ತಿದ, ಹೊರಟೇ ಹೋದ. ಚಾಟ್ಸ್‌ವರ್ತ್‌ನ ಬೋಳು ಬಂಡೆಗಳ ನಡುವೆ ಅವನ ಕಾರಿನ ಧೂಳು ಬಹಳ ಹೊತ್ತು ಕಾಣುತ್ತಿತ್ತು.

ನಿರ್ಮಾಪಕ ಗಾರ್ಬರ್ ಚುಟ್ಟಾ ಕಚ್ಚಿಕೊಂಡು ಬಂದ. "ಯಾರು ಮಾತಾಡಿದ್ದು?"

ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಲೆಸ್ಟರನ ಕಿವಿ ಮಾತ್ರ ಟೊಮೇಟೋ ಹಣ್ಣಾಗಿತ್ತು.

"ನಾನು ಸುಮ್ನೆ ತಮಾಷೆಗೆ..."

"ತಮಾಷೆ ಈಗ ಶುರು ನೋಡು. ಇವತ್ತು ಬೆಳಕಿರೋದ್ರೊಳಗೆ ದರೋಡೆಕೋರನ ಸಾವು ಮುಗೀಬೇಕು. ಸಂಜೆ ನ್ಯೂಯಾರ್ಕಿಂದ ಸೋಪಿನ ಕಂಪನಿಯೋರು ಬರ್ತಿದಾರೆ. ಮುಂದಿನ ವರ್ಷಕ್ಕೂ ಅವರು ಜಾಹೀರಾತು ಕೊಟ್ರೆ ನಾವಿದೀವಿ, ಇಲ್ದಿದ್ರೆ ಇಲ್ಲ. ಬೇರೆ ನಿರ್ದೇಶಕನ್ನ ಎಲ್ಲಿಂದ ತರ್ಲಿ? ನೀನೇ ಮಾಡು. ಮಾಡಿದ್ಯೋ, ಈ ಕಂತು ನಿಂದು, ಉಳಿದ ಕಂತುಗಳೂ ನಿಂದೇ. ಪರದೆ ತುಂಬ ನಿನ್ನೊಬ್ಬನ ಹೆಸರು. ಮಾಡ್ಲಿಲ್ವೋ, ಈ ಬೇಲಿ ಒಳಗೆ ಮತ್ತೆ ಕಾಲಿಡ್ಬೇಡ."

ಪರದೆ ತುಂಬ ಹೆಸರು! ಲೆಸ್ಟರ್ ತನ್ನ ತಟ್ಟೆಯನ್ನು ಬೀನ್ಸ್ ಬಡಿಸುವವನ ಕೈಗೇ ಕೊಟ್ಟ.

ಕಾಲು ಶತಮಾನದಿಂದ ಅವನ ಕಸುಬು ಸಾಯುವುದು. ಅಂಥ ನಟರು ಸಿನಿಮಾದವರ ಈ ಊರಲ್ಲಿ ಬೀದಿಗಿಷ್ಟು ಜನ. ಮುಖ ಎಲ್ಲರಿಗೂ ಎಲ್ಲೋ ನೋಡಿದ ಹಾಗೆ, ಹೆಸರು ಮಾತ್ರ ಹಾಲಿನವನಿಗೂ ಬಾಯಿಗೆ ಬರುವುದಿಲ್ಲ. ಕೌಬಾಯ್‌ಗಳ ಈ ಒಂದು ಟೀವಿ ಧಾರಾವಾಹಿಯಲ್ಲೇ ಲೆಸ್ಟರ್ ಗುಂಡೇಟು ತಿಂದಿದ್ದ, ಗಲ್ಲಿಗೇರಿದ್ದ, ಬಾವಿಗೆ ಬಿದ್ದಿದ್ದ, ಒಮ್ಮೆ ಕುದುರೆ ಒದ್ದೂ ಸತ್ತಿದ್ದ. ಪ್ರತಿಸಲವೂ ಹೊಸ ಮೀಸೆ, ಹೊಸ ಟೋಪಿ. ಯಾರಿಗೂ ಅನುಮಾನ ಬಂದಿರಲಿಲ್ಲ. ಕೊನೆಗೆ ಹೆಸರುಗಳು ಓಡುವಾಗ ಇವನದು ಬರುವ ಹೊತ್ತಿಗೆ ಸೋಪಿನ ಜಾಹೀರಾತು ಶುರುವಾಗಿರುತ್ತಿತ್ತು, ನೊರೆಯ ಕೆಳಗೆ ಅವನ ಹೆಸರು ತೊಳೆದುಹೋಗುತ್ತಿತ್ತು. ಹೆಂಡತಿಯ ಅಕ್ಕ ಇಂದಿಗೂ ಬಂಧುಬಳಗಕ್ಕೆ "ಮರ್ಟಲ್‌ನ ಗಂಡ ಏನೋ ಹೊರಾಂಗಣದ ಕೆಲಸ ಮಾಡ್ತಾನೆ" ಎಂದೇ ಹೇಳುತ್ತಿದ್ದಳು.

ಕಚೇರಿಯ ಫೋನಿನಿಂದ ಮರ್ಟಲ್‌ಗೆ ಸುದ್ದಿ ಮುಟ್ಟಿಸಿದ.

"ಲೆಸ್ಟರ್, ಕುಡಿದಿದೀಯಾ?"

"ಇಲ್ಲ ಕಣೇ. ನಿಜ. ನಾನೇ ನಿರ್ದೇಶಕ."

"ಹಾಗಾದ್ರೆ ಕುರ್ಚಿ ಕೊಡ್ತಾರಾ? ಬೆನ್ನ ಹಿಂದೆ ಹೆಸರು ಬರೆದಿರೋದು?"

"ಹೋದವನದೇ ಕುರ್ಚಿ ಇದೆ. ಅವನ ಹೆಸರಿದೆ."

"ಅದರ ಮೇಲೆ ನಿನ್ನ ಕೋಟು ನೇತುಹಾಕು, ಕಾಣಲ್ಲ. ನಾನು ಕೇಕ್ ಮಾಡ್ತೀನಿ. ಸಂಜೆ ನಮ್ಮ ಬೀದಿಯೋರನ್ನೆಲ್ಲ ಕರೀತೀನಿ. ಬೇಡ ಅನ್ಬೇಡ, ಜನ್ಮದಲ್ಲಿ ಒಂದ್ಸಲ."

ಬೇಡ ಎನ್ನುವುದರೊಳಗೆ ಫೋನು ಇಟ್ಟಾಗಿತ್ತು.

ಹೊರಗೆ ಬಂದರೆ, ಬೆಳಗಿನವರೆಗೆ ಅವನನ್ನು ಕಂಬ ದಾಟಿದಂತೆ ದಾಟಿಹೋಗುತ್ತಿದ್ದ ಜನಕ್ಕೆಲ್ಲ ಈಗ ಸಲಹೆ ಕೊಡುವ ಚಪಲ. ದೀಪದವನು ಬಂದು ನೆರಳು ಬೇಕು ಎಂದ. ಮೇಕಪ್ಪಿನವಳು ನೆರಳು ಬಿದ್ದರೆ ನಾಯಕ ಕಿಪ್‌ನ ಗಲ್ಲ ಜೋತಂತೆ ಕಾಣುತ್ತದೆ ಎಂದಳು. ಕುದುರೆಯವನು ಕುದುರೆಗಳ ಕಡೆಯಿಂದ ಮಾತಾಡಿದ. ಗುಸ್ ಮಾತ್ರ ಟೋಪಿ ತೆಗೆದು ನಡು ಬಗ್ಗಿಸಿ, "ಹೇಳೋಣವಾಗ್ಲಿ ಸಾಹೇಬ್ರೇ, ಕ್ಯಾಮೆರಾ ಎಲ್ಲಿಡ್ಲಿ? ಬೀನ್ಸ್‌ನೋನ್ನ ಕೇಳ್ಕೊಂಡು ಬರ್ಲಾ?" ಎಂದ. ಸುತ್ತಲೂ ನಗೆ ಎದ್ದಿತು.

ಕಿಪ್ ಲ್ಯಾಂಡರ್ಸ್ ಧಾರಾವಾಹಿಯ ನಾಯಕ. ಅದರಲ್ಲಿ ಅವನದು ಊರ ಶೆರಿಫ್, ಎಂದರೆ ಪೊಲೀಸ್ ಅಧಿಕಾರಿಯ ಪಾತ್ರ. ಚೆಲುವ, ಸೋಮಾರಿ, ಈ ವರ್ಷ ಮುಗಿದರೆ ಬಿಟ್ಟುಹೋಗುತ್ತೇನೆಂದು ಗಾರ್ಬರನನ್ನು ಹೆದರಿಸುತ್ತಲೇ ಇರುವವನು. ಬೂಟು ಚಾಚಿ ಕೂತಲ್ಲಿಂದಲೇ ಕೇಳಿದ: "ಏನ್ ತಾತಾ, ನೀನು ಸಾಯದೇ ಇರೋ ದಿನಾನೂ ಇದ್ಯಾ? ಬೇಗ ಮುಗಿಸಪ್ಪ, ಸಂಜೆ ನನಗೆ ಟೆನಿಸ್ ಇದೆ."

ಈ ಎಲ್ಲರ ನಡುವೆ ಲೆಸ್ಟರನಿಗೆ ಒಬ್ಬಳೇ ದಿಕ್ಕು, ಥೆಲ್ಮಾ. ಶಾಟಿನಿಂದ ಶಾಟಿಗೆ ಯಾರ ಗುಂಡಿ ಹಾಕಿತ್ತು, ಯಾರದು ಬಿಚ್ಚಿತ್ತು ಎಂದು ನೆನಪಿಡುವುದು ಅವಳ ಕೆಲಸ. ಮರ್ಟಲ್‌ಗೂ ಬೇಕಾದವಳು. "ಹೆದರ್ಕೋಬೇಡ. 'ಆ್ಯಕ್ಷನ್' ಅನ್ನು, ಮುಗಿದ ಮೇಲೆ 'ಕಟ್' ಅನ್ನು. ಮಧ್ಯದಲ್ಲಿ ಗಂಭೀರವಾಗಿ ನಿಂತಿರು. ಎಲ್ಲಾರೂ ಅಷ್ಟೇ ಮಾಡೋದು," ಎಂದು ಅವಳು ಪಕ್ಕದಲ್ಲೇ ಕೂತಳು.

ಆ 'ಅಷ್ಟೇ' ಅನ್ನುವುದೇ ಅವನಿಗೆ ಕಷ್ಟವಾದದ್ದು.

ಮೊದಲ ಸಲ ಲೆಸ್ಟರ್ ಎದೆಯುಬ್ಬಿಸಿ "ಆ್ಯಕ್ಷನ್!" ಎಂದ. ಬಾಯಿಂದ ಮಾತು ಬಿದ್ದದ್ದೇ ತಡ, ಕಾಲು ಶತಮಾನದ ಅಭ್ಯಾಸ, ಅವನ ಬಲಗೈ ತಾನಾಗಿ ಎದೆಗೆ ಹೋಯಿತು, ಮೊಣಕಾಲು ಮಡಚಿತು. ಥೆಲ್ಮಾ ಅಂಗಿ ಹಿಡಿದೆಳೆದು ನಿಲ್ಲಿಸಿದಳು.

ಎರಡನೆಯ ಸಲ ಕಾಲು ಗಟ್ಟಿಯಾಗಿ ಊರಿ ನಿಂತ. ದೃಶ್ಯ ನಡೆಯಿತು, ಮುಗಿಯಿತು. ನಟರು ನಿಂತರು. ಕ್ಯಾಮೆರಾ ಗಿರ್ರೆನ್ನುತ್ತಲೇ ಇತ್ತು. ಎಲ್ಲರೂ ಲೆಸ್ಟರನನ್ನು ನೋಡಿದರು, ಲೆಸ್ಟರ್ ಯಾರು ಏನು ಹೇಳುತ್ತಾರೋ ಎಂದು ಎಲ್ಲರನ್ನೂ ನೋಡಿದ.

"ಕಟ್," ಎಂದು ಥೆಲ್ಮಾ ಪಿಸುಗುಟ್ಟಿದಳು.

"ಹೌದು, ಯಾಕೆ ಇನ್ನೂ ಹೇಳ್ಲಿಲ್ಲ?" ಎಂದ ಲೆಸ್ಟರ್.

"ನೀನು ಹೇಳ್ಬೇಕು ಮಾರಾಯ!"

ಅವನದೂ ತಪ್ಪಲ್ಲ. ಅವನ ಪಾಲಿಗೆ ಕಟ್ ಎನ್ನುವುದು ಹೇಳುವ ಮಾತೇ ಅಲ್ಲ, ಕೇಳಿಸಿಕೊಳ್ಳುವ ಮಾತು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಧೂಳಿನಲ್ಲಿ ಕೆನ್ನೆಯಿಟ್ಟು ಬಿದ್ದಿರುವಾಗ ಮೇಲಿನಿಂದೆಲ್ಲೋ ಬರುವ ಮಾತು. ಅದು ಬಂದರೆ ಎದ್ದು ಪ್ಯಾಂಟು ಕೊಡವಿಕೊಳ್ಳಬಹುದು. ಅದನ್ನು ತಾನೇ ಹೇಳಿಕೊಳ್ಳುವುದೆಂದರೆ ತನಗೆ ತಾನೇ ಪುನರ್ಜನ್ಮ ಕೊಟ್ಟುಕೊಂಡಂತೆ.

ಹೇಗೋ ಥೆಲ್ಮಾ ಚಿವುಟಿದಾಗಲೆಲ್ಲ ಕಟ್ ಹೇಳುತ್ತ ಅರ್ಧ ಕೆಲಸ ಮುಗಿಯಿತು. ಉಳಿದದ್ದು ದರೋಡೆಕೋರನ ಸಾವು. ಅಲ್ಲಿ ಗಾಡಿ ಹೂತುಕೊಂಡಿತು.

ದರೋಡೆಕೋರನಾಗಿದ್ದವನು ಮಾರ್ವಿನ್, ಗಾರ್ಬರನ ಹೆಂಡತಿಯ ತಮ್ಮ. ಹಾಸಿಗೆ ಅಂಗಡಿ ಇಟ್ಟಿದ್ದವನಿಗೆ ನಟನಾಗಬೇಕೆಂಬ ಹುಚ್ಚು ಹಿಡಿದಿತ್ತು. ಅಕ್ಕನ ಕಾಟ ತಾಳಲಾರದೆ ಭಾವ ಈ ಪಾತ್ರ ಕೊಟ್ಟಿದ್ದ. ಕಿಪ್ ಗುಂಡು ಹಾರಿಸಿದ. ಮಾರ್ವಿನ್ "ಆ!" ಎಂದ, ಹಿಂದೆ ತಿರುಗಿ ನೆಲ ನೋಡಿದ, ಕಲ್ಲಿಲ್ಲದ ಜಾಗ ಆರಿಸಿ ಕೈಯೂರಿ ಮೆಲ್ಲಗೆ ಕೂತ, ಆಮೇಲೆ ಮಗ್ಗುಲಾದ.

"ಮಾರ್ವಿನ್, ನಿನಗೆ ಗುಂಡು ಬಿದ್ದಿದೆಯಪ್ಪ. ಮಲಗೋಕೆ ಹೋಗ್ತಾ ಇಲ್ಲ ನೀನು."

"ನನಗೆ ಬೆನ್ನುನೋವಿದೆ ಲೆಸ್ಟರ್. ಬೆನ್ನಿನ ವಿಷಯ ನಿಂಗೆ ಹೇಳ್ತೀನಿ ಕೇಳು, ಹತ್ತರಲ್ಲಿ ಒಂಬತ್ತು ಜನ..."

ಮತ್ತೊಮ್ಮೆ ಸಾಯಿಸಿದರು. ಈ ಸಲ ಬಿದ್ದ ಮೇಲೆ ಸ್ವಲ್ಪ ಸರಿದು ಟೋಪಿಯನ್ನು ತಲೆಯ ಕೆಳಗೆ ಇಟ್ಟುಕೊಂಡ. ಇನ್ನೊಮ್ಮೆ ಸಾಯಿಸಿದರು. ಸತ್ತವನು ಸೀನಿದ. ಕಿಪ್ ಆಕಳಿಸುತ್ತ ಗುಂಡು ಹಾರಿಸತೊಡಗಿದ. ಬಿಸಿಲು ಜಾರಿ, ಮರದ ಹಲಗೆಯ ಆ ಸುಳ್ಳು ಊರಿನ ಸುಳ್ಳು ಬ್ಯಾಂಕಿನ ನೆರಳು ಬೀದಿಯ ಅರ್ಧಕ್ಕೆ ಬಂತು. ಅಷ್ಟರಲ್ಲಿ ಗಾರ್ಬರ್ ಬಂದು, "ಸೋಪಿನೋರ ಕಾರು ಕೆಳಗಿನ ಗೇಟಲ್ಲಿದೆಯಂತೆ. ಥೆಲ್ಮಾ, ನೀನು ಬಾ ನನ್ನ ಜೊತೆ, ನಗುನಗ್ತಾ ಮಾತಾಡೋಕೆ ಒಬ್ಬರು ಬೇಕು" ಎಂದು ಅವಳನ್ನು ಕರೆದುಕೊಂಡು ಹೋದ.

ಲೆಸ್ಟರ್ ಬೆಳಕು ನೋಡಿದ, ಮಾರ್ವಿನ್‌ನನ್ನು ನೋಡಿದ. ಬೆಳಿಗ್ಗೆ ಪಾತ್ರಕ್ಕೆಂದು ಅಂಟಿಸಿಕೊಂಡಿದ್ದ ಮೀಸೆಯ ಅಂಟನ್ನು ಬೆವರು ಕರಗಿಸುತ್ತಿತ್ತು.

"ಸರಿ, ಏಳು. ಅಲ್ಲಿ ನಿಂತ್ಕೋ. ನಾನೊಮ್ಮೆ ಸತ್ತು ತೋರಿಸ್ತೀನಿ, ನೋಡ್ಕೊಂಡು ಹಂಗೇ ಮಾಡು. ಗುಸ್, ಕ್ಯಾಮೆರಾ ಓಡ್ಲಿ, ನಾನು ಎದ್ದ ತಕ್ಷಣ ಇವನು ಬೀಳ್ಬೇಕು, ಹೊತ್ತಿಲ್ಲ. ಕಿಪ್, ನನಗೇ ಹೊಡಿ."

"ಸಂತೋಷ," ಎಂದ ಕಿಪ್.

"ಆ್ಯಕ್ಷನ್!"

ಗುಂಡಿನ ಸದ್ದಿಗೆ ಲೆಸ್ಟರ್ ಬೀಳಲಿಲ್ಲ. ಮೊದಲು ಏನೂ ಆಗದವನಂತೆ ಒಂದು ಹೆಜ್ಜೆ ಮುಂದಿಟ್ಟ. ಯಾರೋ ಕರೆದರೇನೋ ಎನ್ನುವಂತೆ ಪಕ್ಕಕ್ಕೆ ನೋಡಿದ. ಅಂಗಿಯ ಮೇಲೆ ಕೈಯಾಡಿಸಿ, ಕೈ ನೋಡಿಕೊಂಡು, ಯಾರಿಗೂ ಕಾಣಬಾರದೆಂದು ನಾಚಿ ಇಲ್ಲದ ನೆತ್ತರನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಮೊಣಕಾಲು, ಆಮೇಲೆ ಭುಜ, ಆಮೇಲೆ ಕೆನ್ನೆ. ಮಾರ್ವಿನ್ ಬಾಯಿ ತೆರೆದು ನಿಂತ. ಧೂಳು ಮೇಲೆದ್ದು, ಸಂಜೆಯ ಬೆಳಕಿನಲ್ಲಿ ಬಂಗಾರದಂತೆ ಹೊಳೆದು, ಸತ್ತವನ ಮೇಲೆ ಮೆಲ್ಲಗೆ ಇಳಿಯಿತು.

ಲೆಸ್ಟರ್ ಕಣ್ಣು ಮುಚ್ಚಿ ಕಾದ.

ಗುಸ್ ಕ್ಯಾಮೆರಾ ಓಡಿಸುತ್ತ ಕಾದ. ನಿರ್ದೇಶಕ ಹೇಳದೆ ಕ್ಯಾಮೆರಾ ನಿಲ್ಲಿಸಿದವನು ಈ ಕಸುಬಿನಲ್ಲಿ ಉಳಿದಿಲ್ಲ. ದೀಪದವನು, ಕುದುರೆಯವನು, ಮೇಕಪ್ಪಿನವಳು ಎಲ್ಲರೂ ಉಸಿರೆತ್ತದೆ ಕಾದರು. ಕ್ಯಾಮೆರಾ ಓಡುವಾಗ ಕೆಮ್ಮಿದರೂ ತಪ್ಪು. ನಿರ್ದೇಶಕನಿಗೆ ಹೇಳೋಣವೆಂದರೆ ಅವನು ಸತ್ತು ಬಿದ್ದಿದ್ದ.

ಒಂದು ಕುದುರೆ ತಾನಾಗಿ ನಡೆದು ಬಂದು, ಲೆಸ್ಟರನ ಕೂದಲು ಮೂಸಿ, ಅಲ್ಲೇ ತಲೆ ತಗ್ಗಿಸಿ ನಿಂತಿತು. ಕಿಪ್ ಒಂದಷ್ಟು ಹೊತ್ತು ಬಂದೂಕು ಹಿಡಿದು ನಿಂತ. ಆಮೇಲೆ ಕಾಲು ನೋವೆದ್ದು ನೀರಿನ ತೊಟ್ಟಿಯ ಅಂಚಿಗೆ ಕುಸಿದು ಕೂತ. ಸೆಖೆಗೆ ಟೋಪಿ ತೆಗೆದು ಎದೆಗೆ ಹಿಡಿದ. ಧೂಳು ಕಣ್ಣಿಗೆ ಬಿದ್ದು ಒರೆಸಿಕೊಂಡ.

ಲೆಸ್ಟರನ ಕುತ್ತಿಗೆಯ ಮೇಲೆ ಇರುವೆ ಹತ್ತಿತು. ಅವನು ಅಲುಗಲಿಲ್ಲ. ಕಟ್ ಕೇಳುವ ಮೊದಲು ಎದ್ದ ಕಳಂಕ ಅವನಿಗಿರಲಿಲ್ಲ. ಆದರೆ ಮನಸ್ಸಿನೊಳಗೆ ಸಿಟ್ಟು ಕುದಿಯತೊಡಗಿತು. ಇದೇನಿದು, ಇಷ್ಟು ಹೊತ್ತು? ಯಾವ ಮುಠ್ಠಾಳ ಇದನ್ನು ನಿರ್ದೇಶಿಸುತ್ತಿರುವುದು? ಇಂಥವರನ್ನೆಲ್ಲ ಎಲ್ಲಿಂದ ಹಿಡಿದು ತರುತ್ತಾರೆ? ಸತ್ತವರ ಕಷ್ಟ ಗೊತ್ತಿಲ್ಲದವನು ಯಾಕೆ ನಿರ್ದೇಶಕನಾಗಬೇಕು? ಇದಕ್ಕಿಂತ ಬೀನ್ಸ್ ಬಡಿಸುವವನೇ...

ಆಗ ಅವನಿಗೆ ಹೊಳೆಯಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ,

"ಕಟ್!" ಎಂದ ಕಿಪ್. ಟೆನಿಸ್‌ಗೆ ಹೊತ್ತಾಗಿತ್ತು.

ಗುಸ್ ಕ್ಯಾಮೆರಾ ನಿಲ್ಲಿಸಿದ. ಯಾರಾದರೂ ಹೇಳಿದರೆ ಸಾಕೆಂದು ಅವನಿಗೂ ಆಗಿತ್ತು. ನಿಶ್ಶಬ್ದದಲ್ಲಿ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಸೋಪಿನ ಕಂಪನಿಯ ಪ್ರೆಸ್ಕಾಟ್, ಬೂದು ಸೂಟಿನ ದೊಡ್ಡ ಮನುಷ್ಯ, ಗಾರ್ಬರ್ ಮತ್ತು ಥೆಲ್ಮಾಳ ನಡುವೆ ನಿಂತು ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ನೇರ ಕಿಪ್‌ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡ.

"ಮಿಸ್ಟರ್ ಲ್ಯಾಂಡರ್ಸ್, ನೀವು ನಿರ್ದೇಶನಾನೂ ಮಾಡ್ತೀರಿ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಎಂಥಾ ಧೈರ್ಯ ನಿಮ್ಮದು! ಬೇರೆಯೋರಾಗಿದ್ರೆ ಅವನು ಬಿದ್ದ ತಕ್ಷಣ ನಿಲ್ಸಿರೋರು. ನೀವು ಕಾದ್ರಿ. ಸಾವು ಮುಗಿಯೋವರೆಗೂ ಕಾದ್ರಿ."

ಕಿಪ್‌ಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಬಹಳ ಚೆನ್ನಾಗಿ ಅರ್ಥವಾಯಿತು. "ಆತುರ ಪಡಬಾರದು ಅಂತ ನನ್ನ ನಂಬಿಕೆ," ಎಂದ.

ಲೆಸ್ಟರ್ ಎದ್ದು, ಕುದುರೆಯನ್ನು ಪಕ್ಕಕ್ಕೆ ತಳ್ಳಿ, ಕೈಯೆತ್ತಿದ. ಪ್ರೆಸ್ಕಾಟ್ ಅವನತ್ತ ತಿರುಗಿದ. "ನೀವೂ ಅದ್ಭುತ. ನಿಮ್ಮ ಹೆಸರು?"

"ಲೆಸ್ಟರ್ ಟ್ರಾಸ್ಕ್, ಸರ್. ಆದ್ರೆ ನಾನು ಹೇಳ್ಬೇಕಾಗಿರೋದು..."

"ಈ ಹೆಸರು ನಾನು ಮರೆಯೋದಿಲ್ಲ," ಎಂದ ಪ್ರೆಸ್ಕಾಟ್. ನಾಲ್ಕು ಹೆಜ್ಜೆ ಹೋಗಿ ಗಾರ್ಬರನ ಕಿವಿಯಲ್ಲಿ ಕೇಳಿದ: "ಆ ಮುದುಕನ ಹೆಸರು ಏನಂದ್ರಿ?"

ಗಾರ್ಬರ್ ಲೆಸ್ಟರನ ಹೆಗಲ ಮೇಲೆ ಕೈ ಹಾಕಿ ಸುಳ್ಳು ಬ್ಯಾಂಕಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಬ್ಯಾಂಕು ಇರಲಿಲ್ಲ, ಹಲಗೆಗೆ ಆನಿಸಿದ ಊರೆಗೋಲುಗಳಿದ್ದವು.

"ಆ್ಯಕ್ಷನ್ ಹೇಳಿದ್ದು ನಾನು, ಗಾರ್ಬರ್. ನೀವೇ ಎಲ್ಲರನ್ನೂ ಕೇಳಿ."

"ಆ್ಯಕ್ಷನ್ ಯಾರು ಬೇಕಾದ್ರೂ ಹೇಳ್ತಾರಪ್ಪ. ನಿಲ್ಸೋನು ನಿರ್ದೇಶಕ. ಆ ಮನುಷ್ಯ ಕಣ್ಣಾರೆ ನೋಡಿದಾನೆ, ಕಿವಿಯಾರೆ ಕೇಳಿದಾನೆ. ಈಗ ನಾನು ಹೋಗಿ, ಇಲ್ಲ ಸ್ವಾಮಿ, ನಿರ್ದೇಶಕ ಮರೆತು ಮಲಗಿದ್ದ ಅಂತ ಹೇಳ್ಲಾ? ಕಿಪ್ ನೋಡು, ಬಿಟ್ಟುಹೋಗ್ತೀನಿ ಅಂತಿದ್ದೋನು ಈಗ ಉಳಿದ ಕಂತೆಲ್ಲ ನಾನೇ ನಿರ್ದೇಶನ ಮಾಡ್ತೀನಿ ಅಂತಿದಾನೆ. ಜಾಹೀರಾತೂ ಬಂತು, ನಾಯಕನೂ ಉಳ್ದ. ಒಂದೇ ಶಾಟಲ್ಲಿ. ನೀನು ದೇವರಂಥೋನು ಕಣೋ."

"ಹಾಗಾದ್ರೆ ನಾನು?"

"ನಿನ್ನ ಸಾವು ಪೂರ್ತಿ ಇಟ್ಕೊಳ್ತೀವಿ. ಕೂದಲೆಳೆಯಷ್ಟೂ ಕತ್ತರಿಸಬಾರದು ಅಂತ ಪ್ರೆಸ್ಕಾಟ್ ಹಟ ಹಿಡಿದಿದಾನೆ. ನೀನು ದರೋಡೆಕೋರನ ಅಣ್ಣ ಅಂತ ಎರಡು ಮಾತು ಸೇರಿಸ್ತೀವಿ. ಮಾರ್ವಿನ್ ತಪ್ಪಿಸ್ಕೊಂಡು ಓಡಿಹೋಗ್ತಾನೆ. ಮುಂದಿನ ವಾರಾನೂ ಬರ್ತಾನೆ, ಅದರ ಮುಂದಿನ ವಾರಾನೂ ಬರ್ತಾನೆ. ನನ್ನ ಹೆಂಡತಿ ಕುಣಿದಾಡ್ತಾಳೆ."

ಲೆಸ್ಟರ್ ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡು, "ಸರಿ ಬಿಡಿ. ಮುಂದಿನ ವಾರ ನಾನು ಯಾರು? ಗಡ್ಡದೋನಾ, ಕುಂಟನಾ?" ಎಂದ.

ಗಾರ್ಬರ್ ಚುಟ್ಟಾ ಬಾಯಿಂದ ತೆಗೆದ. ಅಷ್ಟು ಮೃದುವಾಗಿ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಲೆಸ್ಟರ್, ಇಷ್ಟು ದಿನ ನೀನು ಸತ್ತಿದ್ದು ಯಾರಿಗೂ ನೆನಪಿರ್ತಿರ್ಲಿಲ್ಲ. ಅದಕ್ಕೇ ಮತ್ತೆ ಮತ್ತೆ ಕರೀತಿದ್ವಿ. ಈಗ ಇಡೀ ದೇಶ ನಿನ್ನ ಮುಖಾನೇ ನೋಡ್ತಾ ಕೂತು ಅಳುತ್ತೆ. ಆಮೇಲೆ ಹೆಂಗಪ್ಪ ನಿನ್ನ ಗಡ್ಡ ಅಂಟಿಸಿ ಕರ್ಕೊಂಡು ಬರ್ಲಿ? ನೀನು ಸತ್ತುಹೋದೆ ಮಾರಾಯ. ಬೇರೆ ಕಡೆ ನೋಡ್ಕೋ."

ರಿಸೀಡಾ ಬಡಾವಣೆಯ ತನ್ನ ಮನೆಗೆ ಹೋಗುವ ದಾರಿ ಉದ್ದವೇನಲ್ಲ. ಲೆಸ್ಟರ್ ಅದನ್ನು ಉದ್ದ ಮಾಡಿಕೊಂಡ. ಕಿತ್ತಳೆ ತೋಟವೊಂದರ ಬೇಲಿಯ ಪಕ್ಕ ಕಾರು ನಿಲ್ಲಿಸಿ ಕೂತ. ಹೆಂಡತಿಗೆ ಏನು ಹೇಳುವುದೆಂದು ಮಾತು ಜೋಡಿಸಿದ, ಅಳಿಸಿದ, ಮತ್ತೆ ಜೋಡಿಸಿದ. ಮನೆಯ ಮುಂದೆ ಇಳಿದಾಗ ಒಂದು ಮಾತೂ ಉಳಿದಿರಲಿಲ್ಲ.

ಬಾಗಿಲು ತೆರೆದದ್ದೇ ಚಪ್ಪಾಳೆ ಬಿತ್ತು. ಬೀದಿಗೆ ಬೀದಿಯೇ ನಡುಮನೆಯಲ್ಲಿತ್ತು. ಪಕ್ಕದ ಮನೆಯ ಪ್ಲಂಬರ್ ಹ್ಯಾಂಕ್ ಇದ್ದ, ಎದುರು ಮನೆಯ ಮಿಸೆಸ್ ಡೋಬ್ಸ್ ಇದ್ದಳು, ಮರ್ಟಲ್‌ನ ಅಕ್ಕ ಮುತ್ತಿನ ಸರ ಹಾಕಿಕೊಂಡು ಬಂದಿದ್ದಳು. ಮೇಜಿನ ಮೇಲೆ ಕೇಕು, ಅದರ ಮೇಲೆ ಸಕ್ಕರೆಯಲ್ಲಿ ಬರೆದ ಅವನ ಪೂರ್ತಿ ಹೆಸರು.

"ಬನ್ನಿ ನಿರ್ದೇಶಕರೇ!" ಎಂದ ಹ್ಯಾಂಕ್.

ಲೆಸ್ಟರ್ ಹೊಸ್ತಿಲಲ್ಲಿ ನಿಂತು ಒಂದು ಕ್ಷಣ ಆ ಮುಖಗಳನ್ನೆಲ್ಲ ನೋಡಿದ. ಆಮೇಲೆ ಬೆನ್ನು ನೆಟ್ಟಗಾಯಿತು. ಟೋಪಿಯನ್ನು ಗೂಟಕ್ಕೆ ಎಸೆದ. ಅದು ಸರಿಯಾಗಿ ಸಿಕ್ಕಿಕೊಂಡಿತು. ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ, ನಟರೆಂಬ ಪ್ರಾಣಿಗಳ ಕಷ್ಟಸುಖ ಹೇಳತೊಡಗಿದ. ಕಿಪ್ ಮೊದಮೊದಲು ತಕರಾರು ಮಾಡಿದನೆಂದೂ, ತಾನು ಒಂದೇ ಮಾತಿನಲ್ಲಿ ತಣ್ಣಗೆ ಮಾಡಿದೆನೆಂದೂ ಹೇಳಿದ. ಕುದುರೆಗೂ ತಾನೇ ನಟನೆ ಹೇಳಿಕೊಟ್ಟೆನೆಂದ. ಹ್ಯಾಂಕ್ ತನ್ನ ಮಗಳಿಗೊಂದು ಪಾತ್ರ ಕೊಡಿಸಬೇಕೆಂದು ಸಂಕೋಚದಿಂದ ಕೈ ಹೊಸೆಯುತ್ತ ಕೇಳಿದ. "ನೋಡೋಣ, ಕರ್ಕೊಂಡು ಬಾ. ಮುಖ ಇದ್ರೆ ಸಾಲದು ಹ್ಯಾಂಕ್, ಒಳಗೆ ಕಿಚ್ಚಿರ್ಬೇಕು," ಎಂದ ಲೆಸ್ಟರ್. ಎಲ್ಲರೂ ತಲೆದೂಗಿದರು. ಜನ್ಮದಲ್ಲಿ ಮೊದಲ ಬಾರಿಗೆ ಅವನಿಗೆ ಕೊನೆಯವರೆಗೂ ಬದುಕಿರುವ ಪಾತ್ರ ಸಿಕ್ಕಿತ್ತು, ಎಲ್ಲ ಒಳ್ಳೆಯ ಮಾತುಗಳೂ ಅವನವೇ ಆಗಿದ್ದವು. ಒಂದು ಉಸಿರು ಕೂಡ ತಪ್ಪದಂತೆ ಅಭಿನಯಿಸಿದ. ಮರ್ಟಲ್‌ನ ಅಕ್ಕ ಹೊರಡುವಾಗ ಅವನ ಕೆನ್ನೆಗೆ ಮುತ್ತಿಟ್ಟಳು.

ಎಲ್ಲರೂ ಹೋದ ಮೇಲೆ ಮರ್ಟಲ್ ತಟ್ಟೆ ತೊಳೆಯಲು ನಿಂತಳು. ಲೆಸ್ಟರ್ ಬಟ್ಟೆ ಹಿಡಿದು ಒರೆಸಲು ನಿಂತ.

"ಮರ್ಟಲ್, ಒಂದು ವಿಷಯ ಹೇಳ್ಬೇಕು."

"ಥೆಲ್ಮಾ ಫೋನ್ ಮಾಡಿದ್ಲು," ಎಂದಳು ಅವಳು, ತಿರುಗದೆ. "ನೀನು ಅಲ್ಲಿಂದ ಹೊರಡೋಕೆ ಮುಂಚೇನೇ. ಎಲ್ಲಾ ಹೇಳಿದ್ಲು."

ಲೆಸ್ಟರ್ ಕೈ ಚಾಚಿ ನಲ್ಲಿ ನಿಲ್ಲಿಸಿದ.

"ಮತ್ತೆ ಇವರನ್ನೆಲ್ಲ ಯಾಕೆ ಕರೆಸ್ದೆ? ಬೇಡ ಅಂತ ಹೇಳ್ಬಹುದಿತ್ತು."

"ಕೇಕ್ ಆಗ್ಲೇ ಒಲೇಲಿತ್ತು. ಬಂದೋರಿಗೆ ಬಾಗಿಲಲ್ಲೇ ವಿಷಯ ಹೇಳಿ ಒಳಗೆ ಕೂರಿಸ್ದೆ. ಒಬ್ಬೊಬ್ಬರಿಗೂ."

ಒರೆಸುತ್ತಿದ್ದ ತಟ್ಟೆ ಲೆಸ್ಟರನ ಕೈಯಲ್ಲೇ ನಿಂತಿತು. "ಎಲ್ಲರಿಗೂ ಗೊತ್ತಿತ್ತಾ? ಹ್ಯಾಂಕ್ ಮತ್ತೆ ತನ್ನ ಮಗಳಿಗೆ ಪಾತ್ರ ಕೊಡಿಸು ಅಂತ ಕೈ ಹೊಸೆದ್ನಲ್ಲ?"

"ಅದು ಅವನೇ ಸೇರಿಸ್ಕೊಂಡಿದ್ದು," ಎಂದಳು ಮರ್ಟಲ್. "ನಾನು ಹೇಳ್ಕೊಟ್ಟಿದ್ದು ಬರೀ ಚಪ್ಪಾಳೆ."